ಆರೋಗ್ಯ ಸಚಿವರೇ, ಚೀಟಿ ಇಲ್ಲದೆ ಸಿಗುವ ಆ ಟ್ಯೂಬ್ ಬಗ್ಗೆ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್. ನಮ್ಮಲ್ಲಿಗೆ ತುರಿಕೆ ಅಂತ ಬರುವ ಹೆಚ್ಚಿನವರ ಕೈಯಲ್ಲಿ ಅರ್ಧ ಹಿಂಡಿದ ಒಂದು ಮುಲಾಮಿನ ಟ್ಯೂಬ್ ಇರುತ್ತದೆ. ವೈದ್ಯರ ಚೀಟಿ ಮಾತ್ರ ಇರುವುದಿಲ್ಲ.

ಆ ಟ್ಯೂಬಿನಲ್ಲಿ ಬಹುಪಾಲು ಕ್ಲೋಬೆಟಸಾಲ್‌ನಂಥ ಜೋರಾದ ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧಿ, ಇರುತ್ತದೆ. ಜೊತೆಗೆ ಫಂಗಸ್‌ಗೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧಿ. ಕಾಯಿಲೆ ಏನೇ ಇರಲಿ, ಯಾವುದಾದರೂ ಒಂದು ತಾಗಲಿ ಅನ್ನುವ ಲೆಕ್ಕ. ಫಂಗಸ್‌ನಿಂದ ಬರುವ ಹುಳುಕಡ್ಡಿಗೆ ಇದನ್ನು ಹಚ್ಚಿದರೆ ಕೆಲವೇ ದಿನಗಳಲ್ಲಿ ತುರಿಕೆ ತಗ್ಗುತ್ತದೆ, ಕೆಂಪು ಇಳಿಯುತ್ತದೆ. ವಾಸಿಯಾಯಿತು ಅನಿಸುತ್ತದೆ, ಅಲ್ವಾ? ಆದರೆ ಫಂಗಸ್ ಜೊತೆ ಚರ್ಮ ಮಾಡುತ್ತಿದ್ದ ಜಗಳವನ್ನಷ್ಟೇ ಸ್ಟೀರಾಯ್ಡ್ ಅಡಗಿಸಿರುತ್ತದೆ. ಫಂಗಸ್ ಆರಾಮಾಗಿ ಹರಡುತ್ತದೆ. ಹಚ್ಚುವುದು ಬಿಟ್ಟ ಮೇಲೆ ಮೊದಲಿಗಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಉಂಗುರದಂಥ ಅಂಚು ಮಾಸಿರುವುದರಿಂದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಹಾಗೇ ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಹೋಗುವುದಿಲ್ಲ. ಬೆಳ್ಳಗಾಗಲಿ ಅಂತ ಮುಖಕ್ಕೆ ಹಚ್ಚುವವರೂ ಇದ್ದಾರೆ. ಅವರು ಮೊಡವೆ, ಉರಿ ಹೊತ್ತು ಬರುತ್ತಾರೆ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1952ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಲಾಮು ಬಂದ ಮೇಲೆಯೇ ಇಸುಬಿನ (ಎಕ್ಸಿಮಾ) ಚಿಕಿತ್ಸೆಯ ದಾರಿ ಬದಲಾಯಿತು. ನಮ್ಮ ವೈದ್ಯರೂ ಅದನ್ನು ದಿನಾ ಬರೆಯುತ್ತಾರೆ. ಆದರೆ ಎಲ್ಲಿಗೆ, ಎಷ್ಟು, ಎಷ್ಟು ದಿನ ಅಂತ ಹೇಳಿ ಬರೆಯುತ್ತಾರೆ. ಕಣ್ಣಿನ ರೆಪ್ಪೆಗೆ ಸೌಮ್ಯವಾದದ್ದು, ಅಂಗಾಲಿಗೆ ಜೋರಿನದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಆಗುತ್ತದೆ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಇಸುಬಿಗೆ ಇದರ ಜೊತೆ ದಿನಾ ಹಚ್ಚಲೇಬೇಕಾದದ್ದು ಚರ್ಮದ ತೇವ ಉಳಿಸುವ ಸಾದಾ ಮುಲಾಮು. ಪಾಪ, ಅದನ್ನು ಯಾರೂ ಔಷಧಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಜೋರಾದ ಸ್ಟೀರಾಯ್ಡ್ ಚೀಟಿ ಇಲ್ಲದೆ ಕೈಗೆ ಸಿಗದಂತೆ ಮಾಡಿ. ನಿಯಮ ಬರೆದಿಟ್ಟರೆ ಸಾಲದು, ಮಾರುವ ಜಾಗಕ್ಕೆ ಹೋಗಿ ನೋಡುವವರು ಬೇಕು.

ಆದರೆ ಟ್ಯೂಬ್ ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ಜನ ಇನ್ನೊಂದನ್ನು ಹುಡುಕುತ್ತಾರೆ. ಹುಳುಕಡ್ಡಿಯೋ ಇಸುಬೋ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಇದನ್ನು ಸಣ್ಣ ಆರೋಗ್ಯ ಕೇಂದ್ರದ ಸಿಬ್ಬಂದಿಗೂ ಕಲಿಸಬಹುದು. ಹುಳುಕಡ್ಡಿ ಅಂತ ಖಚಿತವಾದರೆ ಟರ್ಬಿನಾಫಿನ್‌ನಂಥ ಮುಲಾಮನ್ನು ಕಲೆಯ ಸುತ್ತ ಸ್ವಲ್ಪ ಜಾಸ್ತಿ ಜಾಗಕ್ಕೂ ಹಚ್ಚಿಸುತ್ತೇವೆ. ಮೈಯೆಲ್ಲ ಹರಡಿದ್ದರೆ ವಾರಗಟ್ಟಲೆ ಮಾತ್ರೆ ಬೇಕಾಗುತ್ತದೆ.

ಇನ್ನು ಕಜ್ಜಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಚರ್ಮದೊಳಗೆ ಬಿಲ ಕೊರೆಯುವ ಸಣ್ಣ ನುಸಿ ಇದರ ಕಾರಣ. 5% ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ತೊಳೆಯಬೇಕು. ವಾರದ ನಂತರ ಇನ್ನೊಮ್ಮೆ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು, ತುರಿಕೆ ಇಲ್ಲದವರೂ. ನೀವು ಒಬ್ಬ ರೋಗಿಗೆ ಒಂದು ಟ್ಯೂಬ್ ಲೆಕ್ಕದಲ್ಲಿ ಔಷಧಿ ಕಳಿಸಿದರೆ ಅದು ಸುಮ್ನೆ ದಂಡ. ವಾಸಿಯಾದವರಿಗೆ ಮನೆಯವರಿಂದಲೇ ಮತ್ತೆ ಅಂಟುತ್ತದೆ. ಮನೆಯ ತಲೆ ಎಣಿಸಿ ಕಳಿಸಿ.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಚರ್ಮರೋಗಗಳನ್ನು ಜಾಗತಿಕ ಆದ್ಯತೆ ಎಂದು ನಿರ್ಣಯ ಮಾಡಿತು. ಆ ಸಭೆಯಲ್ಲಿ ಕೂರುವವರು ನಿಮ್ಮಂಥ ಸಚಿವರು, ಅವರ ಅಧಿಕಾರಿಗಳು. ಅಲ್ಲಿ ಒಪ್ಪಿದ್ದು ನಮ್ಮ ಔಷಧಿ ಕಪಾಟಿಗೆ ಯಾವಾಗ ಬರುತ್ತದೆ? ದಿನಾಂಕ ಹೇಳಿ ಉತ್ತರ ಬರೆಯಬೇಕೆಂದು ಕೋರುತ್ತೇನೆ.

ಇಂತಿ,
ಚರ್ಮರೋಗ ವಿಭಾಗದ ಒಬ್ಬ ನರ್ಸ್