ಭಾನುವಾರ ಪದ್ಯ ವಿಮರ್ಶೆ ಬರೆಯುವ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಪರೀಕ್ಷೆ ಬರೆಯುವವರು ಭಾನುವಾರ ಬೆಳಿಗ್ಗೆ 10ಕ್ಕೆ ಮಂಜೇಶ್ವರದ ನಮ್ಮ ಮನೆ ಜಗಲಿಗೆ ಬನ್ನಿ. ಕುಂಬಳೆ ಕಡೆಯವರು ಹೊಸಂಗಡಿಯಲ್ಲಿ ಇಳಿದು ಫೋನ್ ಮಾಡಿ.

ಕಳೆದ ಸಲದ ಉತ್ತರಗಳಲ್ಲಿ ಸಾರಾಂಶವೇ ಜಾಸ್ತಿ ಇತ್ತು. ಗೋವಿಂದ ಪೈಯವರು 1911ರಲ್ಲಿ ಆದಿಪ್ರಾಸ (ಪದ್ಯದ ಎಲ್ಲ ಸಾಲುಗಳ ಎರಡನೇ ಅಕ್ಷರ ಒಂದೇ ಇರಬೇಕೆಂಬ ನಿಯಮ) ಬಿಟ್ಟರು ಅಂತ ಎಲ್ಲರೂ ಬರೆದಿದ್ದೀರಿ. ಸರಿ, ಬಿಟ್ಟದ್ದರಿಂದ ಪದ್ಯಕ್ಕೆ ಏನಾಯಿತು? ಎರಡನೇ ಅಕ್ಷರ ಹೊಂದಿಸಲು ಪದ ಹುಡುಕುವ ಕಷ್ಟ ತಪ್ಪಿತು, ಮಾತು ಸಲೀಸಾಯಿತು ಅಲ್ವಾ? ಅದನ್ನು ಒಂದು ಸಾಲು ಎತ್ತಿ ತೋರಿಸಿ. ಅಂಕ ಸಿಗುವುದು ಅಲ್ಲೇ.

ನಿಮ್ಮ ವಾದ ಮೊದಲ ಪ್ಯಾರಾದಲ್ಲೇ ಬರಲಿ. ಕವಿ ಪರಿಚಯ ಎರಡು ಸಾಲು ಸಾಕು, ಸುಮ್ನೆ ಪುಟ ತುಂಬಿಸಬೇಡಿ.

ಪಠ್ಯ, ಖಾಲಿ ಹಾಳೆ, ವಾಚು ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಗಂಜಿಗೆ ಅಕ್ಕಿ ಅಳೆಯಬೇಕು.