ಹಿಂದಿನ ಬೀದಿಯಲ್ಲಿ ಓಡಾಡಬೇಡ ಪುಟ್ಟಿ

ಪುಟ್ಟಿ,

ನೀನು ಹೋಗಿ ಇವತ್ತಿಗೆ ಐದು ದಿನ. ಮೂರು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ‘ಮೀಟಿಂಗ್‌ನಲ್ಲಿದ್ದೇನೆ’ ಅಂತ ನಿಮ್ಮಮ್ಮನಿಗೆ ಒಂದು ಮೆಸೇಜ್ ಬರುತ್ತದೆ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ. ಕಾಗದವಾದರೆ ಹರಿದು ಹಾಕಿ ಮತ್ತೆ ಬರೆಯಬಹುದು. ಇದು ಮೂರನೇ ಕಾಗದ.

ಹಬ್ಬದ ರಾತ್ರಿ ನಡೆದಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತು. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. ‘ಆರು ಜನಕ್ಕೆ ಸಂಬಳ ಕೊಡೋಕಾಗದವಳಿಗೆ ಕಂಪನಿ ಯಾಕೆ ಬೇಕಿತ್ತು’ ಅಂದೆನಲ್ಲ, ಅದು. ಅದನ್ನು ನಿನ್ನ ಚಿಕ್ಕಪ್ಪನ ಎದುರಿಗೆ ಅಂದೆ. ಅನ್ನಬಾರದಿತ್ತು. ತಪ್ಪಾಯಿತು ಕಣಮ್ಮ.

ನೀನು ಬೆಳಗಿನ ರೈಲಿಗೆ ಹೋದ ಮೇಲೆ ನಿಮ್ಮಮ್ಮ ಕೇಳಿದಳು, ‘ಅವಳ ಕೊರಳಲ್ಲಿ ಸರ ಇತ್ತಾ?’ ಅಂತ. ಇರಲಿಲ್ಲ. ಹಾಸನಾಂಬೆ ದರ್ಶನಕ್ಕೆ ಹೊರಟಾಗಲೇ ನಾನು ನೋಡಿದ್ದೆ. ರೇಷ್ಮೆ ಸೀರೆ ಉಟ್ಟಿದ್ದೀಯ, ಕೊರಳು ಬರಿದು. ರಾತ್ರಿ ಅಷ್ಟು ಸಿಟ್ಟು ಬಂದಿದ್ದಕ್ಕೆ ಅದೇ ಕಾರಣ. ನಿನ್ನ ಮೇಲಿನ ಸಿಟ್ಟು ಅಂತ ನೀನು ಅಂದುಕೊಂಡೆ. ಆ ಸರದ ಕತೆ ನಿನಗೆ ಪೂರ್ತಿ ಗೊತ್ತಿಲ್ಲ.

ನೀನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮೂರು ಎಕರೆಗೂ ಆಲೂಗೆಡ್ಡೆ ಹಾಕಿದ್ದೆ. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗೆಡ್ಡೆ, ಕುಫ್ರಿ ಜ್ಯೋತಿ ತಳಿ, 35 ಚೀಲ. ಹಾಸನದ ಮಂಡಿಯಲ್ಲಿ ಅರ್ಧ ದುಡ್ಡು ಕೊಟ್ಟು, ಉಳಿದಿದ್ದು ಗೆಡ್ಡೆ ಕಿತ್ತ ಮೇಲೆ ಅಂತ ಹೇಳಿ ತಂದಿದ್ದೆ. ಮೇ ಕೊನೆಗೆ ಬಿತ್ತಿದೆ. ಗಿಡ ಸೊಂಪಾಗಿ ಬಂತು. ಜುಲೈನಲ್ಲಿ ಒಂದು ವಾರ ಬಿಸಿಲೇ ಕಾಣಲಿಲ್ಲ. ಬೆಳಿಗ್ಗೆ ಮಂಜು, ಇಡೀ ದಿನ ಸೋನೆ. ಇಂಥ ಹವಾದಲ್ಲೇ ಅಂಗಮಾರಿ ಬರುವುದು ಅಂತ ನನಗೆ ಗೊತ್ತಿತ್ತು. ಮೋಡ ಕಟ್ಟಿದಾಗಲೇ ಮ್ಯಾಂಕೋಜೆಬ್ ಹೊಡೆಯಬೇಕು, ರೋಗ ಕಂಡ ಮೇಲೆ ಅದರಿಂದ ಉಪಯೋಗ ಇಲ್ಲ ಅಂತಲೂ ಗೊತ್ತಿತ್ತು. ಮಳೆಗೆ ತೊಳೆದುಹೋದರೆ ಔಷಧಿ ದುಡ್ಡು ದಂಡ, ಸ್ವಲ್ಪ ಬಿಡಲಿ ಅಂತ ಎರಡು ದಿನ ಕಾದೆ. ಮೂರನೇ ದಿನ ಎಲೆ ಅಂಚಿನಲ್ಲಿ ಕಪ್ಪು ಮಚ್ಚೆ. ಮಗುಚಿ ನೋಡಿದರೆ ಬಿಳಿ ಬೂಷ್ಟು. ಒಂದೇ ವಾರದಲ್ಲಿ ಮೂರು ಎಕರೆಯೂ ಬೆಂದ ಸೊಪ್ಪಿನ ಹಾಗೆ ನೆಲಕ್ಕೆ ಮಲಗಿತು. ಅಗೆದರೆ ಗೆಡ್ಡೆ ಕೊಳೆತು ಕೈಗೆ ಮೆತ್ತಿಕೊಳ್ಳುತ್ತಿತ್ತು. ನೀನು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಬದುವಿನ ಮೇಲೆ ಮೂಗು ಮುಚ್ಚಿಕೊಂಡು ನಿಂತಿದ್ದೆ.

ಬೆಳೆ ಹೋಗಿದ್ದು ನನ್ನೊಬ್ಬನದೇ ಅಲ್ಲ. ಅದನ್ನು ನಾನು ಎಂದೋ ಮರೆತೆ. ಆಮೇಲೆ ಮಾಡಿದ್ದನ್ನು ಮರೆಯಲಾಗಿಲ್ಲ. ಮಂಡಿಯವರಿಗೆ ಮುಖ ತೋರಿಸಲಿಲ್ಲ. ಹಾಸನಕ್ಕೆ ಹೋದರೆ ಮಂಡಿ ರಸ್ತೆ ಬಿಟ್ಟು ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಿದ್ದೆ. ಅವರ ಕಡೆ ಹುಡುಗ ಊರಿಗೆ ಬಂದಾಗ ‘ಅಪ್ಪ ಮನೇಲಿಲ್ಲ’ ಅಂತ ನಿನ್ನ ಕೈಲಿ ಹೇಳಿಸಿದೆ. ಹನ್ನೊಂದು ವರ್ಷದ ಮಗುವಿನ ಕೈಲಿ. ನಾನು ಅಟ್ಟದ ಮೇಲೆ ಕೂತಿದ್ದೆ. ನಿನ್ನ ದನಿ ಕೇಳಿಸುತ್ತಿತ್ತು. ನಾಲ್ಕು ಸಲ ಹೇಳಿಸಿದೆ.

ಹೊಲ ಹಸನು ಮಾಡಿ ರಾಗಿ ಹಾಕಬೇಕಿತ್ತು, ನಿನ್ನ ಫೀಸು ಕಟ್ಟಬೇಕಿತ್ತು. ನಿಮ್ಮಮ್ಮನ ಸರ, ಅವಳ ತವರಿನದು, ‘ಕೊಂಡಿ ಸಡಿಲ ಆಗಿದೆ, ಸರಿ ಮಾಡಿಸ್ತೀನಿ’ ಅಂತ ಈಸಿಕೊಂಡು ಹೋಗಿ ಅಡ ಇಟ್ಟೆ. ಅದೂ ಸಾಲದೆ ಇನ್ನೊಬ್ಬರ ಹತ್ತಿರ ಐದು ರೂಪಾಯಿ ಬಡ್ಡಿಗೆ ತಂದೆ. ತಿಂಗಳಿಗೆ ನೂರಕ್ಕೆ ಐದು. ಮಂಡಿಯವರು ಯಾವತ್ತೂ ಬಡ್ಡಿ ಕೇಳಿದವರಲ್ಲ. ಹೋಗಿ ಕೇಳಿದ್ದರೆ ಅವರೇ ಏನಾದರೂ ದಾರಿ ಮಾಡುತ್ತಿದ್ದರು. ನಾಚಿಕೆಗೆ ಬಡ್ಡಿ ಕಟ್ಟಿದೆ ನಾನು. ಸರ ಬಿಡಿಸಲು ಎರಡು ವರ್ಷ ಹಿಡಿಯಿತು. ನೀನು ಇಂಜಿನಿಯರಿಂಗ್ ಮುಗಿಸಿದಾಗ ನಿಮ್ಮಮ್ಮ ಕೊರಳಿಗೆ ಹಾಕಿದಳಲ್ಲ, ಅದೇ ಸರ.

ಈಗ ಗೊತ್ತಾಯಿತಲ್ವಾ, ಯಾಕೆ ಹಾಗೆ ಕೂಗಾಡಿದೆ ಅಂತ.

ನಿನ್ನ ಲೆಕ್ಕವೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಮೊನ್ನೆ ಹಾಸನಕ್ಕೆ ಹೋಗಿ ಗೊತ್ತಿರುವ ಆಡಿಟರ್ ಹತ್ತಿರ ಕೂತು ಕೇಳಿಕೊಂಡು ಬಂದೆ. ನಿನ್ನ ಹೆಸರು ಹೇಳಲಿಲ್ಲ. ದೊಡ್ಡ ಕಂಪನಿಯಿಂದ ನಿನಗೆ 14 ಲಕ್ಷ ಬರಬೇಕು, ಐದು ತಿಂಗಳಾಯಿತು. ಆದರೆ ಬಿಲ್ ಮಾಡಿದ ತಿಂಗಳಿನ ಲೆಕ್ಕಕ್ಕೇ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನೀನು ಕಟ್ಟಿಯಾಗಿದೆ. ಎರಡೂವರೆ ಲಕ್ಷ! ಬಾರದ ದುಡ್ಡಿಗೆ ಕೈಯಿಂದ ತೆರಿಗೆ. ನಾನು ಬೇಸಾಯವೇ ಕಷ್ಟ ಅಂದುಕೊಂಡಿದ್ದೆ.

ಆಡಿಟರ್ ಹೇಳಿದ್ದನ್ನು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು. ಉದ್ಯಮ್ ನೋಂದಣಿ ಇರುವ ಸಣ್ಣ ಕಂಪನಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯೇ ಇದೆಯಂತೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಈಗ ಆದಾಯ ತೆರಿಗೆಯಲ್ಲೂ ನಿಯಮ ಬಂದಿದೆ. ಗಡುವು ಮೀರಿದರೆ ಆ ದೊಡ್ಡ ಕಂಪನಿಯವರು ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದ ಲೆಕ್ಕಕ್ಕೇ ಹಾಕಿಕೊಳ್ಳಬೇಕು, ಅಲ್ಲಿಯವರೆಗೆ ತೆರಿಗೆಯಲ್ಲಿ ಅವರಿಗೇ ನಷ್ಟ. ದೂರು ಕೊಟ್ಟರೆ ಮುಂದಿನ ಆರ್ಡರ್ ಸಿಗಲ್ಲ ಅನ್ನುತ್ತೀಯ. ಸರಿ, ದೂರು ಕೊಡಬೇಡ. ಈ ಎರಡು ವಿಷಯ ಹಾಕಿ ಅವರ ಅಕೌಂಟ್ಸ್‌ನವರಿಗೆ ಮರ್ಯಾದೆಯಿಂದ ಒಂದು ಪತ್ರ ಬರಿ. ಕೇಳುವುದಕ್ಕೆ ಏನು ನಾಚಿಕೆ? ಅದು ನಿನ್ನ ದುಡ್ಡು.

ಇನ್ನೊಂದು. ಸಾಲ ಕೊಡುವವರು ನಿನ್ನ ಸ್ವಂತ ಜಾಮೀನು ಕೇಳುತ್ತಿದ್ದಾರೆ ಅಂದೆ. ಪ್ರೈವೇಟ್ ಲಿಮಿಟೆಡ್ ಅಂದರೆ ಕಂಪನಿ ಸಾಲ ಕಂಪನಿಗೆ. ಆದರೆ ಆ ಒಂದು ಸಹಿ ಹಾಕಿದರೆ ಆ ಸಾಲ ನಿನ್ನ ಮನೆ ಬಾಗಿಲಿಗೇ ಬರುತ್ತದೆ. ಸಂಬಳಕ್ಕಾಗಿ ಆ ಸಹಿ ಹಾಕಬೇಡ. ಏಳನೇ ತಾರೀಕಿನ ಒಳಗೆ ಆ ಆರು ಜನರನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳು. ಯಾರಿಗೆ ಎಷ್ಟು ತುರ್ತು ಅಂತ ಕೇಳು. ಒಬ್ಬಿಬ್ಬರು ಬಿಟ್ಟು ಹೋಗಬಹುದು. ಹೋಗಲಿ. ಏಳನೇ ತಾರೀಕು ಬೆಳಿಗ್ಗೆ ಬ್ಯಾಂಕ್ ಮೆಸೇಜ್ ಬಾರದೆ ತಾವೇ ಕಂಡುಕೊಂಡರೆ ಆರೂ ಜನ ಹೋಗುತ್ತಾರೆ. ನಿನ್ನ ಪಾರ್ಟ್‌ನರ್ ಬಿಟ್ಟು ಹೋಗಿದ್ದನ್ನಾದರೂ ಹೇಳಿದ್ದೀಯಾ?

ಪಾಠ ಮಾಡಬಾರದು ಅಂತಲೇ ಕೂತಿದ್ದೆ. ನೋಡು, ಎರಡು ಪುಟ ಆಯಿತು.

ಅವತ್ತು ನೀನು ಒಂದು ಮಾತು ಅಂದೆ. ‘ಗೊರೂರಿನವರು ವಿಮಾನದ ಕಂಪನಿನೇ ಮಾಡಲಿಲ್ವಾ ಅಪ್ಪಾ?’ ಅಂತ. ಮಾಡಿದರು. ನಮ್ಮ ಕಡೆಯವರೆಲ್ಲ ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರನ್ನು ಹೆಮ್ಮೆಯಿಂದಲೇ ಹೇಳುತ್ತೇವೆ. ಆದರೆ ಜನ 2003ರ ಏರ್ ಡೆಕ್ಕನ್ ಒಂದನ್ನೇ ಹೇಳುತ್ತಾರೆ. ಹೇಮಾವತಿ ಅಣೆಕಟ್ಟಿಗೆ ಜಮೀನು ಮುಳುಗಿ, ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಅವರು ಟೆಂಟ್ ಹಾಕಿಕೊಂಡು ಶುರು ಮಾಡಿದ್ದು. ತೆಂಗು, ರೇಷ್ಮೆ, ಹಸು, ಕೋಳಿ, ಹಾಸನದಲ್ಲಿ ಬೈಕ್ ಡೀಲರ್‌ಶಿಪ್, ಹೋಟೆಲ್ ಎಲ್ಲ ಆದ ಮೇಲೆ ವಿಮಾನ. ಅದನ್ನೂ ಕೊನೆಗೆ ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಆಮೇಲೆ ಸರಕು ಸಾಗಿಸುವ ಕಂಪನಿ ಮಾಡಿದರು, ಅದೂ ನಿಂತಿತು. ಆದರೂ ಅವರು ತಲೆ ತಗ್ಗಿಸಿ ಓಡಾಡಲಿಲ್ಲ. ನಿನಗೆ ಅವತ್ತು ಕೊಡಬೇಕಿದ್ದ ಉತ್ತರ ಇದು. ಅದರ ಬದಲು ‘ನೀನೇನು ಕ್ಯಾಪ್ಟನ್ನಾ’ ಅಂದುಬಿಟ್ಟೆ.

ನಿನ್ನ ಮೊದಲ ಯಂತ್ರ ಕೂರಿಸಿದ್ದ ಕೋಲ್ಡ್ ಸ್ಟೋರೇಜ್‌ನವರು ನನಗೆ ಒಂದು ಸಲ ಸಿಕ್ಕಿದ್ದರು. ನಿನಗೆ ಹೇಳಿರಲಿಲ್ಲ. ರಾತ್ರಿ ಎರಡು ಗಂಟೆಗೆ ಕಂಪ್ರೆಸರ್ ಕೈಕೊಟ್ಟಿತಂತೆ. ಒಳಗೆ 4 ಡಿಗ್ರಿ ದಾಟುತ್ತಲೇ ನಿನ್ನ ಯಂತ್ರದಿಂದ ಅವರಿಗೆ ಫೋನ್ ಹೋಯಿತಂತೆ. ‘ನಿಮ್ಮ ಮಗಳು ನಮ್ಮ ಬಿತ್ತನೆ ಗೆಡ್ಡೆ ಉಳಿಸಿದರು’ ಅಂದರು. ಬದುವಿನ ಮೇಲೆ ಮೂಗು ಮುಚ್ಚಿಕೊಂಡು ನಿಂತಿದ್ದ ಹುಡುಗಿ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ನಿನಗೆ ಮಾತ್ರ ಹೇಳಲಿಲ್ಲ, ಯಾಕೋ.

ಈಗ ಹೇಳಲೇಬೇಕಾದ ಒಂದು ಮಾತು. 2019ರ ಜುಲೈನಲ್ಲಿ ಕಾಫಿ ಡೇ ಸಿದ್ಧಾರ್ಥ ಅವರು ಕಾಣೆಯಾದರಲ್ಲ. ಸಕಲೇಶಪುರಕ್ಕೆ ಅಂತ ಬೆಂಗಳೂರಿನಿಂದ ಹೊರಟವರು. ನೇತ್ರಾವತಿಯಲ್ಲಿ ಸಿಗುವ ತನಕ ನಾನು ಟಿವಿ ಮುಂದಿನಿಂದ ಏಳಲಿಲ್ಲ. ಪಕ್ಕದ ಜಿಲ್ಲೆಯವರು, ಸಾವಿರಾರು ಜನಕ್ಕೆ ಕೆಲಸ ಕೊಟ್ಟವರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ನಾನ್ಯಾರು? ನನಗೆ ಅನ್ನಿಸಿದ್ದು ಒಂದೇ, ಆ ದಿನ ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಅಂತ. ನೀನು ಆಗ ಕೆಲಸ ಬಿಟ್ಟು ಕಂಪನಿ ಮಾಡುವ ಯೋಚನೆಯಲ್ಲಿದ್ದೆ. ಅವತ್ತಿನಿಂದ ನೀನು ಫೋನ್ ಎತ್ತದ ಒಂದೊಂದು ಸಲವೂ ನನಗೆ ಆ ಟಿವಿ ನೆನಪಾಗುತ್ತದೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ಮಂಡಿಯವರ ಕತೆ ಪೂರ್ತಿ ಮಾಡುತ್ತೇನೆ. ಆ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ನಾನೂ ನಿಮ್ಮಮ್ಮನೂ ಸಾಲಿನಲ್ಲಿ ನಿಂತಿದ್ದೆವು. ತಿರುಗಿ ನೋಡಿದರೆ ಹಿಂದೆಯೇ ಅವರು. ಎರಡೂ ಕಡೆ ಬ್ಯಾರಿಕೇಡ್, ಹಿಂದೆ ಮುಂದೆ ಜನ. ಹೋಗಲು ದಾರಿಯೇ ಇಲ್ಲ. ಎರಡು ಗಂಟೆ ಅವರೂ ಮಾತಾಡಲಿಲ್ಲ, ನಾನೂ ಇಲ್ಲ. ಗುಡಿ ಹತ್ತಿರ ಬಂದಾಗ ನನ್ನ ಹೆಗಲ ಮೇಲೆ ಕೈ ಇಟ್ಟರು. ‘ಗೌಡ್ರೇ, ಹುಡುಗನ್ನ ನಾಲ್ಕು ಸಲ ಕಳಿಸಿದ್ದು ದುಡ್ಡಿಗಲ್ಲ. ಹುಷಾರಾಗಿದ್ದಾರಾ ನೋಡ್ಕೊಂಡು ಬಾ ಅಂತ ಕಳಿಸಿದ್ದು’ ಅಂದರು. ನಿಮ್ಮಮ್ಮನಿಗೆ ಸಾಲದ ವಿಷಯ ಗೊತ್ತಾಗಿದ್ದೇ ಅಲ್ಲಿ, ಆ ಸಾಲಿನಲ್ಲಿ. ಅವಳು ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ.

ನಾನು ಫೋನ್ ಮಾಡುತ್ತಿರುವುದೂ ಲೆಕ್ಕ ಕೇಳಲು ಅಲ್ಲ ಪುಟ್ಟಿ.

ಜಮೀನು ಅಡ ಇಡುವುದಿಲ್ಲ ಅಂದಿದ್ದೆ. ಅದನ್ನು ಬದಲಿಸುವುದಿಲ್ಲ, ಕೇಳಲೂ ಬೇಡ. ರಾಗಿ ಕೊಯ್ಲು ಶುರುವಾಗಿದೆ. ಅದರಲ್ಲಿ ಬಂದಿದ್ದು ಸರ ಬಿಡಿಸಲು ಇರಲಿ. ಅಡ ಇಟ್ಟ ಚೀಟಿ ಜೋಪಾನ ಮಾಡು, ಬಡ್ಡಿ ಎಷ್ಟು ಅಂತ ನೋಡಬೇಕು.

ಶನಿವಾರದ ರೈಲಿಗೆ ನಾನು ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ಕೆಲಸ ನೋಡಿಕೋ. ನಿನ್ನ ಆಫೀಸಿನ ವಿಳಾಸ ಮೆಸೇಜ್ ಮಾಡು. ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ನೋಡಿಲ್ಲ. ನೀನು ಬಿಟ್ಟು ಹೋದ ಕಜ್ಜಾಯದ ಡಬ್ಬಿ ಹಾಗೇ ಇದೆ. ಅದು ಹಳತಾಯಿತು ಅಂತ ನಿಮ್ಮಮ್ಮ ಮತ್ತೆ ಪಾಕ ಇಟ್ಟಿದ್ದಾಳೆ. ಆರು ಜನಕ್ಕೂ ಆಗುವಷ್ಟು ಮಾಡುತ್ತಿದ್ದಾಳೆ.

ನಿನ್ನ ಅಪ್ಪ