ಮೈಕಿನ ಮುಂದೆ ನಿಲ್ಲುವ ಮೊದಲು

ಪ್ರೀತಿಯ ಪುಟ್ಟಿ,

ನೀನು ಸಿನಿಮಾ ಸಂಗೀತ ನಿರ್ದೇಶಕರ ಜೊತೆ ಆಲ್ಬಂ ಮಾಡುವ ಸುದ್ದಿ ಓದಿ ತುಂಬಾ ಖುಷಿಯಾಯಿತು. ಆದರೆ ‘ಸಂಗೀತ ಕಛೇರಿ ಕೇಳುವವರು ಏನಂದುಕೊಳ್ಳುತ್ತಾರೋ’ ಎಂಬ ಅಳುಕು ಬೇಡ. 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಹಿಂದೂಸ್ತಾನಿಯ ಭೀಮಸೇನ ಜೋಶಿ, ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ‘ಹಂಸಗೀತೆ’ ಚಿತ್ರಕ್ಕೆ ಹಾಡಿದ್ದಕ್ಕೆ ಬಾಲಮುರಳಿಯವರಿಗೆ ರಾಷ್ಟ್ರ ಪ್ರಶಸ್ತಿಯೇ ಬಂತು. ಇದರಿಂದ ಅವರ ಕಛೇರಿಗೆ ಜನ ಕಡಿಮೆಯಾದರಾ?

ಒಂದು ಹಾಡಿಗೆ ನಾಲ್ಕು ನಿಮಿಷ ಸಾಲದು ಎಂದೂ ಕೊರಗಬೇಡ. 1902ರಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದೇ ಸುಮಾರು ಮೂರು ನಿಮಿಷ.

ನನಗೆ ಚಿಂತೆ ಇರುವುದು ಗಮಕದ ಬಗ್ಗೆ, ಅಂದರೆ ಸ್ವರವನ್ನು ಅಲುಗಿಸಿ, ತೂಗಿಸಿ ಹಾಡುವುದರ ಬಗ್ಗೆ. ವರ್ಷಗಳ ಹಿಂದೆ ನಾನೂ ಒಂದು ಆಲ್ಬಂಗೆ ಹಾಡಿದ್ದೆ. ತೋಡಿ ರಾಗದ ಎರಡು ಸಾಲು, ಅಷ್ಟೇ. ಹಾಡಿದೆ, ದುಡ್ಡು ತಗೊಂಡೆ, ಮನೆಗೆ ಬಂದೆ. ಬಿಡುಗಡೆಯಾದ ಮೇಲೆ ಕೇಳಿದರೆ ನನ್ನ ಗಾಂಧಾರ (‘ಗ’ ಸ್ವರ) ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು! ತೋಡಿಯ ಗಾಂಧಾರ ತೂಗಬೇಕು, ಅಲ್ವಾ? ಆ ತೂಗಾಟವನ್ನೇ ಅಪಶ್ರುತಿ ಎಂದುಕೊಂಡು ಪಿಚ್ ಸರಿಮಾಡುವ ಸಾಫ್ಟ್‌ವೇರ್ ಒರೆಸಿಹಾಕಿತ್ತು. ಎರಡು ದಿನ ಊಟ ಸೇರಲಿಲ್ಲ. ಯಾರದೂ ದುರುದ್ದೇಶ ಇರಲಿಲ್ಲ. ಬಾಯಿಬಿಟ್ಟು ಹೇಳದೇ ಹೋದದ್ದು ನಾನು.

ಹಾಗಾಗಿ ಮೊದಲ ದಿನವೇ ನಿರ್ದೇಶಕರ ಜೊತೆ ಕೂತು ಮಾತಾಡು. ಯಾವ ಸ್ವರ ಅಲುಗಬೇಕು, ಯಾವುದು ನಿಲ್ಲಬೇಕು, ಹಾಡಿ ತೋರಿಸು. ಕೀಬೋರ್ಡ್ ಅದೇ ಸ್ವರವನ್ನು ನೇರವಾಗಿ ಹಿಡಿದರೆ ನಿನ್ನ ಗಮಕಕ್ಕೂ ಅದಕ್ಕೂ ಜಗಳ. ಅಲ್ಲಿ ಬರೀ ಷಡ್ಜ, ಪಂಚಮ (‘ಸ’, ‘ಪ’) ಇಟ್ಟರೆ ಆಗುತ್ತಾ ಎಂದು ಕೇಳು. ಒಳ್ಳೆಯ ನಿರ್ದೇಶಕರಿಗೆ ಇಂಥ ಮಾತು ಇಷ್ಟವಾಗುತ್ತದೆ. ಹಾಗಂತ ಎಲ್ಲದಕ್ಕೂ ಪಾಠ ಹೇಳಬೇಡ. ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದು ಅವರು ಜೀವನವಿಡೀ ಮಾಡಿದ ಕೆಲಸ. ‘ಇಲ್ಲಿ ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದು) ಬೇಡ, ಸಾದಾ ಹಾಡಿ’ ಎಂದರೆ ಒಮ್ಮೆ ಹಾಡಿ ನೋಡು. ಸಾಹಿತ್ಯ ಆಗ ಎಷ್ಟು ಚೆನ್ನಾಗಿ ಕೇಳಿಸುತ್ತದೆ!

ಶ್ರುತಿಯಲ್ಲಿ ಮಾತ್ರ ಸಂಕೋಚ ಬೇಡ. ‘ಅರ್ಧ ಸ್ವರ ಏರಿಸೋಣ, ಮಿಂಚುತ್ತೆ’ ಎನ್ನಬಹುದು. ನಿನ್ನ ಮಂದ್ರ, ತಾರ ಎರಡನ್ನೂ ಹಾಡಿ ನೋಡಿಯೇ ಒಪ್ಪಿಕೋ. ಹೆಡ್‌ಫೋನಿನಲ್ಲಿ ತಂಬೂರಿ ಜಾಸ್ತಿ ಮಾಡಿಸಿಕೋ. ಒಂದು ಕಿವಿ ಬಿಟ್ಟುಕೊಂಡರೆ ನಿನ್ನ ಗಂಟಲು ನಿನಗೆ ಕೇಳಿಸುತ್ತದೆ.

ಮೃದಂಗದವರು ನಿನ್ನ ಉಸಿರು ನೋಡಿ ನಡೆಯುತ್ತಾರೆ. ಹೆಡ್‌ಫೋನಿನಲ್ಲಿ ಲಯ ಹಿಡಿಯಲು ಬಡಿಯುವ ಕ್ಲಿಕ್ ಯಾರಿಗೂ ಕಾಯುವುದಿಲ್ಲ. ಇವತ್ತಿನಿಂದಲೇ ಮೆಟ್ರೊನೋಮ್ ಹಾಕಿಕೊಂಡು ಅಭ್ಯಾಸ ಮಾಡು.

ಒಪ್ಪಂದ ಓದದೆ ಸಹಿ ಹಾಕಬೇಡ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಹಾಡಿದವರಿಗೂ ರಾಯಲ್ಟಿ ಹಕ್ಕಿದೆ. ‘ಎಲ್ಲ ಸೇರಿ ಇಷ್ಟು’ ಎಂದರೆ, ರಾಯಲ್ಟಿ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳು. ದುಡ್ಡಿನ ಮಾತಾಡಿದರೆ ಕಲೆಗೆ ಅವಮಾನ ಎಂದು ನಮ್ಮ ಕಾಲದವರು ಬಾಯಿ ಮುಚ್ಚಿಕೊಂಡೆವು. ನೀನು ಹಾಗೆ ಮಾಡಬೇಡ. ‘ಅಂತಿಮ ಮಿಕ್ಸ್ ಗಾಯಕಿ ಕೇಳಿ ಒಪ್ಪಬೇಕು’ ಎಂಬ ಒಂದು ಸಾಲನ್ನೂ ಅದರಲ್ಲೇ ಬರೆಸು.

ಆ ಮಿಕ್ಸ್ ಬಂದ ದಿನ ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಸರಿ. ಇಬ್ಬರೂ ಕೂತು ಕೇಳೋಣ.

ನಿನ್ನ ಅತ್ತೆ